ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ

ಮಸ್ಕತ್

ಪರದೇಶ ಪ್ರವಾಸ ಅಂದರೆ ಎಲ್ಲರೂ ಇಲ್ಲಿಂದ ವಿಮಾನ ಹತ್ತಿ ಅಲ್ಲಿಗೆ ಹೋಗುತ್ತಾರೆ. ನಮ್ಮದು ಉಲ್ಟಾ. ನಾವು ಅಲ್ಲಿಂದ ಹತ್ತಿ ಇಲ್ಲಿಗೆ ಬಂದೆವು. ನನಗೂ ನನ್ನ ಗಂಡನಿಗೂ ಇದು ಹುಟ್ಟಿ ಬೆಳೆದ ಸೀಮೆ. ಆದರೆ ಮಸ್ಕತ್ತಿನ ಎರಡು ಕೋಣೆಯ ಮನೆಯಲ್ಲೇ ಕಣ್ಣು ಬಿಟ್ಟ ನನ್ನ ಮಕ್ಕಳಿಗೆ ನಾಗಮಂಗಲವೇ ಫಾರಿನ್ನು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಒಂದು ತಿಂಗಳ ರಜೆ ಹಾಕಿ ಈ ಫಾರಿನ್ನಿಗೆ ಬಂದಿದ್ದೆವು. ಆ ತಿಂಗಳಲ್ಲಿ ನಮಗೇ ಅಂತ ಇಟ್ಟುಕೊಂಡಿದ್ದು ಕೊನೆಯ ಮೂರು ದಿನ. ನಾನು ಹೇಳಹೊರಟಿರುವುದು ಆ ಮೂರು ದಿನದ ಕತೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ನಾನು ನರ್ಸು, ನನ್ನ ಗಂಡ ಸ್ಟೋರ್ ಕೀಪರು, ಇಬ್ಬರೂ ಒಂದೇ ಕಟ್ಟಡದ ಕಂಪನಿಯಲ್ಲಿ. ಆ ವರ್ಷ ಕಂಪನಿ ನಮ್ಮಿಬ್ಬರನ್ನೂ ಮರಳುಗಾಡಿನ ಒಳಗಿನ ಕ್ಯಾಂಪಿಗೆ ಹಾಕಿತು. ಅವರಿಗೆ ಅಲ್ಲಿನ ಗೋಡೌನು, ನನಗೆ ಅಲ್ಲಿನ ಪುಟ್ಟ ದವಾಖಾನೆ. ಕ್ಯಾಂಪಿನಲ್ಲಿ ಎಲ್ಲ ಇತ್ತು, ಶಾಲೆಯೊಂದು ಇರಲಿಲ್ಲ. ಮಗಳು ಪುಟ್ಟಿಗೆ ಇನ್ನೂ ನಾಲ್ಕು ವರ್ಷ, ಅವಳ ಚಿಂತೆ ಇಲ್ಲ. ಮಗ ದೀಪುಗೆ ಏಳಾಗಿತ್ತು. ಅವನನ್ನು ಮೈಸೂರಿನ ಒಂದು ಹಾಸ್ಟೆಲ್ಲಿಗೆ ಸೇರಿಸಿ, ಎರಡು ವರ್ಷದ ಕಾಂಟ್ರಾಕ್ಟು ಮುಗಿಸಿಕೊಂಡು ಬರುವುದು ಅಂತ ತೀರ್ಮಾನವಾಯಿತು. ಅವನಿಗೆ ಇದು ಗೊತ್ತಿರಲಿಲ್ಲ.

ಹೇಗೆ ಹೇಳುವುದು? ಕೆಟ್ಟ ಸುದ್ದಿ ಹೇಳುವುದು ನನ್ನ ಕೆಲಸದಲ್ಲೇ ಸೇರಿದ್ದು. ಕೂರಿಸಬೇಕು, ಕೈ ಹಿಡಿದುಕೊಳ್ಳಬೇಕು, ಸುತ್ತಿಬಳಸದೆ ಹೇಳಬೇಕು, ಆಮೇಲೆ ಎದ್ದುಹೋಗಬಾರದು. ಇಷ್ಟನ್ನೂ ನೆಂಟರಿಷ್ಟರ ಗದ್ದಲದಲ್ಲಿ ಮಾಡಲಾಗುವುದಿಲ್ಲ. ಅದಕ್ಕೇ ಈ ಪ್ರವಾಸ. ಶ್ರೀರಂಗಪಟ್ಟಣದಲ್ಲಿ ಒಂದು ಲಾಡ್ಜು, ಮೂರು ದಿನ, ನಾವು ನಾಲ್ಕೇ ಜನ. ಸಂಗಮದ ಮೆಟ್ಟಿಲ ಮೇಲೆ ಕೂತು, ಅವನ ಕಾಲು ನೀರಲ್ಲಿ ಆಡುತ್ತಿರುವಾಗ ಮೊದಲ ದಿನವೇ ಹೇಳಬೇಕು. ಅತ್ತರೆ ಅಳಲಿ, ಕೋಪ ಮಾಡಿಕೊಳ್ಳಲಿ. ಸಮಾಧಾನ ಮಾಡಲು ಇನ್ನೆರಡು ದಿನ ಕೈಯಲ್ಲಿರುತ್ತದೆ. ಮಸ್ಕತ್ತಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ ಲಟ್ಟಿಸುತ್ತ ಇದನ್ನೆಲ್ಲ ಲೆಕ್ಕ ಹಾಕಿದ್ದೆ. ಮಕ್ಕಳಿಗೆ ಮಾತ್ರ, "ಹೊಳೆಗೆ ಹೋಗ್ತೀವಿ, ಹರಗೋಲಲ್ಲಿ ಕೂತ್ಕೋತೀವಿ" ಅಂತ ಹೇಳಿದ್ದೆ. ದೀಪು ಆವತ್ತಿನಿಂದ ಬಾತ್ ಟಬ್ಬಿನಲ್ಲಿ ಬಟ್ಟಲು ತೇಲಿಸಿ ಹರಗೋಲು ಅನ್ನುತ್ತಿದ್ದ.

ದೇವಲಾಪುರ

ನನ್ನ ಅತ್ತೆಮನೆ ದೇವಲಾಪುರದ ಹತ್ತಿರದ ಹಳ್ಳಿ. ಬಂದಿಳಿದ ದಿನದಿಂದ ಮನೆ ತುಂಬ ಜನ. ಟ್ಯಾಂಗ್ ಪುಡಿ, ಸೆಂಟು, ನೋವಿನ ಮುಲಾಮು ಹಂಚಿದ್ದೇ ಹಂಚಿದ್ದು. ಮಕ್ಕಳಿಗೆ ಎಲ್ಲವೂ ಸೋಜಿಗ. ಮಸ್ಕತ್ತಿನಲ್ಲಿ ಪಕ್ಕದ ಬಾಗಿಲಿನವರ ಹೆಸರು ತಿಳಿಯಲು ನಮಗೆ ಒಂದು ವರ್ಷ ಹಿಡಿದಿತ್ತು. ಇಲ್ಲಿ ದಾರಿಯಲ್ಲಿ ಹೋಗುವವರು ಒಳಗೆ ಬಂದು, ಮಕ್ಕಳ ಗಲ್ಲ ಹಿಂಡಿ, ಸಂಬಳ ಕೇಳಿ, ಕಾಫಿ ಕುಡಿದು ಹೋಗುತ್ತಿದ್ದರು. "ಅವ್ರು ಯಾರಮ್ಮ?" ಅಂತ ದೀಪು ಕೇಳಿದರೆ ಎಷ್ಟೋ ಸಲ ನನಗೂ ಗೊತ್ತಿರುತ್ತಿರಲಿಲ್ಲ.

ಲಾಡ್ಜಿನ ಸುದ್ದಿ ಎತ್ತಿದ ದಿನ ನಮ್ಮತ್ತೆ ಮುಖ ದಪ್ಪ ಮಾಡಿಕೊಂಡರು.

"ನೆಂಟ್ರಿಷ್ಟ್ರು ಇಲ್ದೋರಂಗೆ ಲಾಡ್ಜಲ್ಲಿ ಮಲಿಕತಾರಂತೆ! ಕೇಳುದ್ರೆ ಜನ ಏನಂದಾರು? ಓಗೋ ದಾರೀಲಿ ಒಣಕೆರೆ ಸಿಗ್ತದೆ. ನಿಮ್ಮಕ್ಕನ ಮನೆ ಮುಂದ್ಲೆ ಓಗ್ಬುಟ್ಟು ಒಳಕ್ಕೆ ಓಗ್ದಿದ್ರೆ ಅವ್ಳು ಬುಟ್ಟಾಳಾ?"

ಇವರ ಅಕ್ಕನನ್ನು ಕೊಟ್ಟಿರುವುದು ಹೊಣಕೆರೆ ಕಡೆಗೆ. ನಾಗಮಂಗಲದಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ಆ ಊರಿನವರು ಒಬ್ಬರಾದರೂ ಇದ್ದೇ ಇರುತ್ತಾರೆ. ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ನಮ್ಮ ಸೀಮೆಯಲ್ಲಿ ಮನೆಗೆ ಬಂದು ಜಗಳ ಆಡಿದರೂ ಕ್ಷಮಿಸುತ್ತಾರೆ, ಊರ ಮೇಲೆ ಹಾದುಹೋಗಿ ಮನೆಗೆ ಬಾರದಿದ್ದರೆ ಸಾಯುವ ತನಕ ಎತ್ತಿ ಆಡುತ್ತಾರೆ. ನಾನು ಒಂದು ಉಪಾಯ ಮಾಡಿದೆ. ನಾಗಮಂಗಲದಿಂದ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಶ್ರೀರಂಗಪಟ್ಟಣದ ಬಸ್ಸು ಹಿಡಿಯುವುದು. ಸುತ್ತು ದಾರಿ, ಆದರೆ ಹೊಣಕೆರೆಯ ಕಾಟ ಇಲ್ಲ.

"ಆ ಕಡೆ ನಿನ್ನ ದೊಡ್ಡಮ್ಮನ ಮನೆ ಇದೆಯಲ್ಲೇ, ಸುಶೀಲಾ" ಅಂದರು ಇವರು.

"ಶೀಳನೆರೆಗೆ ಮೊದಲ ವಾರವೇ ಹೋಗಿ ಬಂದಾಯ್ತಲ್ಲ. ಮಡ್ಲಕ್ಕಿನೂ ಹುಯ್ಯಿಸ್ಕೊಂಡಾಯ್ತು. ಆ ಬಸ್ಸು ಅವರ ಊರೊಳಕ್ಕೂ ಹೋಗಲ್ಲ. ಸುಮ್ನಿರಿ" ಅಂದೆ.

ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಹೊರಟೆವು. ಗುರುವಾರ ಬೆಳಿಗ್ಗೆ ದೀಪುವನ್ನು ಹಾಸ್ಟೆಲ್ಲಿಗೆ ಸೇರಿಸಬೇಕು, ಅಲ್ಲಿಂದ ನಾವು ಮೂವರು ಬೊಂಬಾಯಿಯ ರೈಲು ಹತ್ತಬೇಕು. ಅವನ ಟ್ರಂಕನ್ನು ಮೈಸೂರಿನ ಪರಿಚಯದವರ ಮನೆಗೆ ಮೊದಲೇ ಸಾಗಿಸಿದ್ದೆವು, ಕಣ್ಣಿಗೆ ಬೀಳಬಾರದು ಅಂತ.

ಕೆ.ಆರ್. ಪೇಟೆ

ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಪುಟ್ಟಿಗೆ ಒಂದಕ್ಕೆ ಮಾಡಿಸಿ, ಬಾಳೆಹಣ್ಣು ಕೊಂಡು, ಶ್ರೀರಂಗಪಟ್ಟಣದ ಬಸ್ಸಿಗೆ ಕಾದು ನಿಂತೆವು. ಬಸ್ಸು ಬಂತು. ಇವರು ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿದರು. ನನ್ನ ಒಂದು ಕಾಲು ಮೆಟ್ಟಿಲ ಮೇಲಿತ್ತು.

"ಅಕ್ಕಯ್ಯಾ! ಲೇ, ನಮ್ ಸುಸೀಲಕ್ಕಯ್ಯ ಕಣ್ರಲಾ!"

ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ದೊಡ್ಡಮ್ಮನ ಮಗ ಗೋವಿಂದ. ತಾಯಿ ಇಲ್ಲದ ನಾನು ಶೀಳನೆರೆಯ ದೊಡ್ಡಮ್ಮನ ಮನೆಯಲ್ಲೇ ಬೆಳೆದವಳು. ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಟ್ರಾಕ್ಟರಿಗೆ ಏನೋ ಸಾಮಾನು ತರಲು ಪೇಟೆಗೆ ಬಂದಿದ್ದನಂತೆ. ಗ್ರಹಚಾರ, ಆ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇರಬೇಕೆ!

"ಇಲ್ಗಂಟ ಬಂದ್ಬುಟ್ಟು ಮನೆಗ್ ಬರ್ದಂಗೆ ಓಯ್ತಿದ್ದೀಯಾ? ಅವ್ವ ಕೇಳುದ್ರೆ ಎದೆ ಒಡ್ಕತಾಳೆ. ಬಾವ, ಇಳೀರಿ. ಟವಲ್ ಈಸ್ಕಳಿ."

"ಗೋವಿಂದ, ಮಕ್ಕಳಿಗೆ ಹೊಳೆ ತೋರಿಸಬೇಕು ಕಣೋ."

"ಒಳೆ ಎಲ್ಗೋಯ್ತದೆ? ನಾಳೆನೂ ಅಲ್ಲೇ ಇರ್ತದೆ. ಒಂದೊತ್ತು ಉಂಡ್ಬುಟ್ ಓಗಿ."

ಇವರು ಆಗಲೇ ಇಳಿದು ನಿಂತಿದ್ದರು. ಅಳಿಯ ಅನ್ನಿಸಿಕೊಂಡ ಗಂಡಸು ಹೆಂಡತಿಯ ತವರಿನ ಊಟಕ್ಕೆ ಬೇಡ ಅಂದದ್ದನ್ನು ನಾನಂತೂ ಕಂಡಿಲ್ಲ. ನನ್ನ ಬ್ಯಾಗು, ಮಕ್ಕಳು, ಬಾಳೆಹಣ್ಣು ಎಲ್ಲ ಟ್ರೈಲರಿನೊಳಗೆ ಹೋದವು. ಮಕ್ಕಳಿಗೆ ಸ್ವರ್ಗವೇ ಸಿಕ್ಕ ಹಾಗಾಯಿತು. ದೀಪು ದಾರಿಯುದ್ದಕ್ಕೂ ನಿಂತುಕೊಂಡೇ ಬಂದ, ಎತ್ತಿಹಾಕಿದಾಗೆಲ್ಲ ಕಿಲಕಿಲ ನಕ್ಕ. ಊಟ ಮಾಡಿ ಸಂಜೆ ಬಸ್ಸಿಗೆ ಹೊರಟರಾಯಿತು, ರಾತ್ರಿಗೆ ಲಾಡ್ಜು ಸೇರಿದರಾಯಿತು ಅಂತ ನಾನೂ ಸಮಾಧಾನ ಮಾಡಿಕೊಂಡೆ.

ಶೀಳನೆರೆ

ದೊಡ್ಡಮ್ಮ ಬಾಗಿಲಲ್ಲೇ ದೃಷ್ಟಿ ತೆಗೆದಳು. ಅತ್ತಳು, ಬೈದಳು, ಮತ್ತೆ ಅತ್ತಳು. ಹೊರಡುವ ಮಾತೆತ್ತಿದರೆ ಕಣ್ಣು ಕೆಂಪಗೆ ಮಾಡಿದಳು.

"ಇವತ್ತು ಸ್ವಾಮಾರ, ಮನೆದೇವ್ರ ವಾರ. ಕೋಳಿ ಕುಯ್ಯಾಕಿಲ್ಲ. ಅಳಿಮಯ್ಯಂಗೆ ಬರೀ ಸಪ್ಪೆಸಾರಲ್ಲಿ ಉಣ್ಣಕ್ಕಿಕ್ಕಿ ಕಳ್ಸು ಅಂತೀಯಾ? ನಾಳೀಕೆ ಕುಯ್ಯುಸ್ತೀನಿ. ಉಂಡ್ಕಂಡು ಓಗಿ."

ಮಧ್ಯಾಹ್ನ ಉಂಡು ಹೊರಟರೂ ನಾಳೆ ಸಂಜೆಯೊಳಗೆ ಹೊಳೆ ಸೇರುತ್ತೇವೆ, ಒಂದೂವರೆ ದಿನ ಉಳಿಯುತ್ತದೆ ಅಂದುಕೊಂಡು ಒಪ್ಪಿದೆ. ಅಲ್ಲೇ ನಾನು ಕೆಟ್ಟದ್ದು. ಹದಿನೈದು ವರ್ಷ ಆ ಮನೆಯಲ್ಲಿ ಬೆಳೆದವಳಿಗೆ, ಸೋಮವಾರದ ಮಾರನೆಯ ದಿನ ಮಂಗಳವಾರ ಅನ್ನುವುದು ಹೊಳೆಯಲಿಲ್ಲವಲ್ಲ! ಮಸ್ಕತ್ತಿನಲ್ಲಿ ವಾರಕ್ಕೆ ಒಂದೇ ಲೆಕ್ಕ, ಶುಕ್ರವಾರ ರಜ. ಉಳಿದ ದಿನಗಳಿಗೆ ಮುಖವೇ ಇರಲಿಲ್ಲ.

ಮಂಗಳವಾರ ಕೋಳಿ ಕುಯ್ದರು. ಮುದ್ದೆ, ನಾಟಿಕೋಳಿ ಸಾರು. ಇವರು ಬೆವರು ಒರೆಸಿಕೊಳ್ಳುತ್ತ ಉಂಡರು. ನಾನು ಮಧ್ಯಾಹ್ನವೇ ಬ್ಯಾಗಿನ ಜಿಪ್ಪು ಎಳೆದಾಗ ದೊಡ್ಡಮ್ಮ ಗಾಬರಿಯಿಂದ ಎದ್ದು ಬಂದಳು.

"ಏನಂತ ತಿಳ್ಕಂಡೀಯೆ? ಮಂಗ್ಳಾರ ತವರ್ ಮನೆಯಿಂದ ಎಣ್ ಮಕ್ಕಳ್ನ ಕಳ್ಸಾಕಿಲ್ಲ. ಮನೆ ಲಕ್ಷ್ಮಿನೇ ಒಂಟೋದಂಗೆ."

"ದೊಡ್ಡಮ್ಮ, ನಾನು ಆವತ್ತೇ ಮಡ್ಲಕ್ಕಿ ಹುಯ್ಯಿಸ್ಕೊಂಡು ಹೋಗಿದ್ದೀನಲ್ಲ. ಇದು ಲೆಕ್ಕಕ್ಕೆ ಬರಲ್ಲ."

"ಒಸ್ಲು ದಾಟಿ ಬಂದ್ಮೇಲೆ ಎಲ್ಲಾ ಲೆಕ್ಕಕ್ಕೆ ಬತ್ತದೆ. ಬುಧವಾರ ಬೆಳಿಗ್ಗೆ ಮಡ್ಲಕ್ಕಿ ಉಯ್ದು ಕಳುಸ್ತೀನಿ. ಅಲ್ಗಂಟ ಬ್ಯಾಗು ಮುಟ್ಬ್ಯಾಡ."

ಜಗಳ ಆಡಬಹುದಿತ್ತು. ಆದರೆ ಇನ್ನು ಮುಂದೆ ನನ್ನ ಮಗನಿಗೆ ಶನಿವಾರ ಶನಿವಾರ ಅನ್ನ ಹಾಕುವವಳು ಇವಳೇ. ಹಾಸ್ಟೆಲ್ಲಿಗೆ ಊರಕಡೆಯ ಹಿರಿಯರು ಅಂತ ಬರೆಸಿದ್ದೂ ಇವಳ ಹೆಸರನ್ನೇ. ಅವಳ ಮನೆಯ ಲಕ್ಷ್ಮಿಯನ್ನು ಹೊರಡಿಸಿಕೊಂಡು ಹೋಗುವ ಧೈರ್ಯ ನನಗೆ ಬರಲಿಲ್ಲ. ಜಿಪ್ಪು ಹಾಗೇ ಬಿಟ್ಟು ಪುಟ್ಟಿಯ ಬಟ್ಟೆ ಹಿಡಿದು ಹಿತ್ತಲಿನ ಒಗೆಯುವ ಕಲ್ಲಿಗೆ ಹೋದೆ, ಸಿಟ್ಟು ತೀರಿಸಿಕೊಳ್ಳಲು.

ಅಡುಗೆಮನೆಯ ಬಾಗಿಲು ಹಿತ್ತಲಿಗೇ ತೆರೆದುಕೊಳ್ಳುತ್ತದೆ. ಮುದ್ದೆ ನುಂಗಲು ಬಾರದ ದೀಪುವನ್ನು ದೊಡ್ಡಮ್ಮ ಮುಂದೆ ಕೂರಿಸಿಕೊಂಡು, ಸಣ್ಣಸಣ್ಣ ತುತ್ತು ಮಾಡಿ ಸಾರಿನಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದಳು.

"ಅಗೀಬ್ಯಾಡ ಕಣ್ ಮಗಾ, ನುಂಗು. ಅಂಗೆ! ಆಸ್ಟ್ಲಲ್ಲಿ ಇಂಗೆ ಯಾರ್ ತಿನ್ನುಸ್ತಾರೆ? ನೀನೇನೂ ಎದುರ್ಕಬ್ಯಾಡ. ನಿಮ್ಮವ್ವ ಎಲ್ಡ್ ವರ್ಸ ಅಲ್ಲಿದ್ರೆ ಏನಾಯ್ತು, ನಾನಿಲ್ವಾ? ಶನ್ವಾರ ಶನ್ವಾರ ಗೋವಿಂದ ಬಂದು ನಿನ್ನ ಕರ್ಕಬತ್ತಾನೆ, ಟ್ಯಾಕ್ಟರ್ ಮ್ಯಾಲೆ ಕೂರುಸ್ತಾನೆ."

ನನ್ನ ಕೈಯಲ್ಲಿದ್ದ ಲಂಗ ಕಲ್ಲಿನ ಮೇಲೇ ಉಳಿಯಿತು. ಅವಳ ತಪ್ಪಲ್ಲ. ನಮ್ಮ ಕಡೆ ಮಕ್ಕಳೆದುರಿಗೆ ಮುಚ್ಚಿಡುವ ಮಾತು ಅಂತಲೇ ಇಲ್ಲ. ಸಾವು, ಸಾಲ, ಹೆರಿಗೆ, ಎಲ್ಲವನ್ನೂ ಅವರ ಮುಂದೆಯೇ ಆಡುತ್ತಾರೆ. ಮಗುವಿಗೆ ತಿಳಿಯದಂತೆ ಮಗುವಿನ ಟ್ರಂಕು ಸಾಗಿಸುವ ಪದ್ಧತಿ ನಾವು ಎಲ್ಲಿ ಕಲಿತೆವೋ. ಅವನಿಗೆ ಇನ್ನೂ ಹೇಳಿಲ್ಲ ಅಂತ ದೊಡ್ಡಮ್ಮನಿಗೆ ಹೇಳಬೇಕು ಅನ್ನುವುದೇ ನನಗೆ ತೋಚಿರಲಿಲ್ಲ.

ಬಾಗಿಲಿಗೆ ಬಂದು ನೋಡಿದೆ. ದೀಪು ನನ್ನನ್ನು ನೋಡಿದ. ನಾನು ಕಾದೆ. "ಹೌದಾ ಅಮ್ಮ?" ಅಂತ ಕೇಳುತ್ತಾನೆ, ಕಿರುಚುತ್ತಾನೆ, ತಟ್ಟೆ ತಳ್ಳುತ್ತಾನೆ ಅಂತ. ಅವನು ದೊಡ್ಡಮ್ಮನ ಕಡೆ ತಿರುಗಿ ಇನ್ನೊಂದು ತುತ್ತಿಗೆ ಬಾಯಿ ತೆರೆದ.

ಕೈ ತೊಳೆದು ಅವನನ್ನು ಕರೆದುಕೊಂಡು ಗದ್ದೆ ಕಡೆ ಹೊರಟೆ, ಎಲ್ಲಾದರೂ ಒಂದು ಬದುವಿನ ಮೇಲೆ ಕೂರಿಸಿ ಈಗಲೇ ಮಾತಾಡಬೇಕು ಅಂತ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಪುಟ್ಟಿ ಹಿಂದೆ ಬಿದ್ದಳು, ಅವಳ ಹಿಂದೆ ಗೋವಿಂದನ ಮಕ್ಕಳು, ಅವರ ಹಿಂದೆ ಬೀದಿಯ ಮಕ್ಕಳು. ವಾಪಸ್ ಬಂದರೆ ಜಗಲಿಯಲ್ಲಿ ಸಾಲು ಕೂತಿತ್ತು. ಫಾರಿನ್ ನರ್ಸು ಬಂದಿದ್ದಾಳೆ ಅಂತ ಸುದ್ದಿ ಹರಡಿತ್ತು. ಒಬ್ಬಳಿಗೆ ಮಂಡಿ, ಒಬ್ಬರಿಗೆ ಬಿ.ಪಿ., ಒಬ್ಬಳು ಸೊಸೆಗೆ ಯಾಕೆ ಮಕ್ಕಳಾಗಿಲ್ಲ ಅಂತ ನನ್ನ ಕೈ ಹಿಡಿದು ಕೂತಳು. ಊರವರೆಲ್ಲರ ಕೈ ಹಿಡಿದು ಸಮಾಧಾನ ಹೇಳಿದೆ. ನನ್ನ ಮಗ ಎದುರು ಕಂಬಕ್ಕೆ ಒರಗಿ ನೋಡುತ್ತಿದ್ದ. ನನ್ನ ಸರದಿ ಯಾವಾಗ ಅಂತ ಕೇಳುವವನ ಹಾಗೇನೂ ಇರಲಿಲ್ಲ.

ದೀಪುಗೆ ಗೊತ್ತಾಗಿಬಿಟ್ಟಿದೆ ಅಂತ ಇವರಿಗೆ ಹೇಳಿದೆ. ಇವರ ಮುಖವೂ ಸಣ್ಣದಾಯಿತು. "ನಾಳೆ ಹೊಳೆ ಹತ್ರ ಕೂತು ಇಬ್ಬರೂ ಸೇರಿ ಹೇಳೋಣ ಬಿಡು" ಅಂದರು. ಅದು ಸರಿ ಅನ್ನಿಸಿತು. ಸರಿ ಅನ್ನಿಸಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪ ಪಡುತ್ತೇನೆ.

ಪಾಂಡವಪುರ

ಬುಧವಾರ ಬೆಳಿಗ್ಗೆ ಮಡಿಲು ತುಂಬಿಸುವ ಶಾಸ್ತ್ರ ಮುಗಿಯುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಹತ್ತಿದೆವು, ಅಕ್ಕಿ, ಕೊಬ್ಬರಿ, ಬೆಲ್ಲದ ಚೀಲಗಳೊಡನೆ. ಅದು ದಾರಿಯಲ್ಲಿ ಟೈರು ಪಂಕ್ಚರು ಮಾಡಿಕೊಂಡು ಬೇವಿನ ಮರದ ಕೆಳಗೆ ನಿಂತಿತು. ಕಂಡಕ್ಟರು ಬೀಡಿ ಹಚ್ಚಿದ. ಡ್ರೈವರು ಟೈರಿಗೆ ಬೈಯುತ್ತ ಕೂತ. ಮಸ್ಕತ್ತಿನಲ್ಲಿ ಬಸ್ಸು ಐದು ನಿಮಿಷ ನಿಂತರೆ ಜನ ಗಡಿಯಾರ ನೋಡಿಕೊಳ್ಳುತ್ತಾರೆ. ಇಲ್ಲಿ ಎಲ್ಲರೂ ಇಳಿದು, ನೆರಳು ಹುಡುಕಿ, ಬುತ್ತಿ ಬಿಚ್ಚಿದರು. ನಾನೊಬ್ಬಳು ಮಾತ್ರ ಮತ್ತೆ ಮತ್ತೆ ಗಡಿಯಾರ ನೋಡಿಕೊಂಡೆ. ಹೊತ್ತು ಏರಿತು, ಇಳಿಯತೊಡಗಿತು.

ಪಾಂಡವಪುರ ತಲುಪುವಷ್ಟರಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಕ್ಕರೆ ಕಾರ್ಖಾನೆಯ ಸಿಹಿವಾಸನೆ ಕಿಟಕಿಯಿಂದ ನುಗ್ಗುತ್ತಿತ್ತು. ಪುಟ್ಟಿ ಮೂಗು ಮುಚ್ಚಿಕೊಂಡಳು. ರೈಲು ಗೇಟು ಹಾಕಿದ್ದರು. ನಮ್ಮ ಮುಂದಿನ ಸೀಟಿನ ಮುದುಕಿಯೊಬ್ಬಳು ನಿಂತಿದ್ದ ದೀಪುವನ್ನು ಒಂದು ಮಾತೂ ಕೇಳದೆ ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ನಮ್ಮ ಸೀಮೆಯಲ್ಲಿ ಬಸ್ಸಿನಲ್ಲಿರುವ ಮಕ್ಕಳೆಲ್ಲ ಎಲ್ಲರ ಮಕ್ಕಳು. ಬಂದ ಹೊಸದರಲ್ಲಿ ಇಂಥದ್ದಕ್ಕೆಲ್ಲ ಕೊಸರಾಡುತ್ತಿದ್ದವನು ಈಗ ಮರುಮಾತಿಲ್ಲದೆ ಕೂತ.

"ಯಾವೂರ್ ಮಗಾ ನಿಂದು?" ಅಂದಳು ಮುದುಕಿ.

ಒಂದು ತಿಂಗಳಿಂದ ಈ ಪ್ರಶ್ನೆಯನ್ನು ನೂರು ಜನ ಕೇಳಿದ್ದರು. ಪ್ರತಿ ಸಲವೂ "ಮಸ್ಕತ್" ಅಂತ ಎದೆಯುಬ್ಬಿಸಿ ಹೇಳುತ್ತಿದ್ದ.

"ಮೈಸೂರು" ಅಂದ ದೀಪು.

"ಔದಾ? ಅವ್ವ ಅಪ್ಪ?"

"ಅವ್ರು ದೂರ."

ನಾನು ಅವನ ಬೆನ್ನ ಹಿಂದೆಯೇ ಕೂತಿದ್ದೆ. ಕೈ ಚಾಚಿದರೆ ಸಿಗುತ್ತಿದ್ದ. ಮುದುಕಿ ಅವನ ತಲೆ ಸವರಿ, "ಅಯ್ಯೋ ಕಂದಾ" ಅಂದು ಸೊಂಟದ ಗಂಟಿನಿಂದ ಹುರಿಗಡಲೆ ತೆಗೆದು ಕೈಗೆ ಹಾಕಿದಳು. ನಾನೇ ಇವನ ತಾಯಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಗೂಡ್ಸ್ ರೈಲು ಹೋಗುತ್ತಲೇ ಇತ್ತು.

ಶ್ರೀರಂಗಪಟ್ಟಣ

ಇಳಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಮೂರು ದಿನಕ್ಕೆ ಹಿಡಿದ ಲಾಡ್ಜಿನಲ್ಲಿ ಚೀಲಗಳನ್ನು ಎಸೆದು, ಜಟಕಾ ಹಿಡಿದು ಸಂಗಮಕ್ಕೆ ಓಡಿದೆವು. ಬೇಸಿಗೆಯ ಹೊಳೆ, ನೀರು ಕಮ್ಮಿ, ಬಂಡೆಗಳು ಬೆನ್ನು ಬಿಟ್ಟುಕೊಂಡು ಮಲಗಿದ್ದವು. ಹರಗೋಲಿನವನು ಹುಟ್ಟು ಒಳಗಿಟ್ಟು ಮನೆಗೆ ಹೊರಡುವವನಿದ್ದ. ಇವರು ಗೋಗರೆದರು.

"ಆಯ್ತು ಬನ್ನಿ ಸಾಬ್, ಬೇಗ ಬನ್ನಿ. ಕತ್ಲಾದ್ರೆ ನಾನ್ ಬುಡಾಕಿಲ್ಲ. ಒಂದೇ ರೌಂಡು."

ಇವರು ಪುಟ್ಟಿಯನ್ನು ಎತ್ತಿಕೊಂಡು ಹತ್ತಿದರು. ಹರಗೋಲು ಗಿರಕಿ ಹೊಡೆಯಿತು. ಪುಟ್ಟಿ ಹೆದರಿ ಕೂಗಿ ಆಮೇಲೆ ನಕ್ಕಳು. ನಾನು ಸೆರಗು ಸಿಕ್ಕಿಸಿ ಒಂದು ಕಾಲು ಒಳಗಿಟ್ಟು ದೀಪುವಿಗೆ ಕೈ ಚಾಚಿದೆ. ಅವನು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದ.

"ಬಾರೋ. ಇದಕ್ಕೇ ತಾನೇ ಬಂದಿದ್ದು?"

"ನೀವು ಹೋಗ್ಬುಟ್ ಬನ್ನಿ ಅಮ್ಮ."

"ಯಾಕೋ? ಭಯಾನಾ?"

ಅವನು ತಲೆ ಅಲ್ಲಾಡಿಸಿದ. ಕೋಪ ಇರಲಿಲ್ಲ, ಅಳುವೂ ಇರಲಿಲ್ಲ. ಒಂದು ತಿಂಗಳಿಂದ ಮನೆಮನೆಗಳಲ್ಲಿ ದೊಡ್ಡವರು ನಮಗೆ ಉಪಚಾರ ಹೇಳುತ್ತಿದ್ದ ದನಿಯಲ್ಲಿ ಹೇಳಿದ:

"ನಾನು ಇಲ್ಲೇ ಇರ್ತೀನಲ್ಲ, ಯಾವಾಗ್ ಬೇಕಾದ್ರೂ ನೋಡ್ತೀನಿ. ನೀವು ಹೋಗೋ ಕಡೆ ಹೊಳೆ ಇಲ್ಲ. ನೀವು ನೋಡ್ಕೊಳಿ."

ಹರಗೋಲಿನವನು, "ಅಮ್ಮಾ, ಅತ್ತೀರೋ ಇಳೀತೀರೋ?" ಅಂದ. ನಾನು ಕಾಲು ತೆಗೆದೆ. ಹರಗೋಲು ಅಪ್ಪ ಮಗಳನ್ನು ತಿರುಗಿಸಿಕೊಂಡು ದೂರ ಹೋಯಿತು. ನಾನು ಮೆಟ್ಟಿಲು ಹತ್ತಿ ಅವನ ಹತ್ತಿರ ಬಂದೆ. ಕೂರಿಸಬೇಕು, ಕೈ ಹಿಡಿದುಕೊಳ್ಳಬೇಕು ಅಂತ ಅಂದುಕೊಂಡಿದ್ದ ಯಾವುದೂ ನನ್ನಿಂದ ಆಗಲಿಲ್ಲ. ಅವನೇ ಸ್ವಲ್ಪ ಪಕ್ಕಕ್ಕೆ ಸರಿದ. ಮನೆಗೆ ಬಂದ ನೆಂಟರಿಗೆ ಮಾಡುವ ಹಾಗೆ, ಮೆಟ್ಟಿಲ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿ, "ಕೂತ್ಕೊ ಅಮ್ಮ" ಅಂದ.